ಸಿಗ್ನಲ್, ಸ್ಕ್ರೀನ್, ಪ್ಲಾಸ್ಟಿಕ್ ಕವರ್: ನಿಮ್ಮ ಮೊಬೈಲ್‌ನಲ್ಲಿ ಅಡಗಿರುವ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್

ಮೊಬೈಲ್ ರೇಡಿಯೇಷನ್ ಬಗ್ಗೆ ಹೆದರಿಸುವ ಒಂದಾದರೂ ಫಾರ್ವರ್ಡ್ ನಿಮಗೆ ಬಂದೇ ಇರುತ್ತದೆ. ಟವರ್ ಹತ್ತಿರ ಗುಬ್ಬಿ ಸತ್ತಿತು, 5ಜಿ ಬಂದ ಮೇಲೆ ರೋಗ ಹೆಚ್ಚಿತು, ರಾತ್ರಿ ಫೋನ್ ತಲೆ ಹತ್ತಿರ ಇಟ್ಟರೆ ಕ್ಯಾನ್ಸರ್... ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ಬಗೆಯ ಪೋಸ್ಟ್ ಕೂಡ ಓಡಾಡುತ್ತದೆ. ಉದ್ದ ಗಡ್ಡದ ಒಬ್ಬ ವಿಜ್ಞಾನಿಯ ಫೋಟೊ, ಕೆಳಗೆ ನಾಲ್ಕು ಸಮೀಕರಣ, ಶಾಲೆಯಲ್ಲಿ ದಡ್ಡ ಎನಿಸಿಕೊಂಡವನೇ ರೇಡಿಯೊ ಕಂಡುಹಿಡಿದ ಎಂಬ ಸ್ಫೂರ್ತಿಯ ಮಾತು.

ಆ ಗಡ್ಡದ ವ್ಯಕ್ತಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಸ್ಕಾಟ್ಲೆಂಡಿನವರು, ಬದುಕಿದ್ದು 48 ವರ್ಷ. ಹೆದರಿಸುವ ಫಾರ್ವರ್ಡ್ ಆಗಲಿ, ಹೊಗಳುವ ಫಾರ್ವರ್ಡ್ ಆಗಲಿ, ಎರಡರಲ್ಲೂ ಸ್ವಲ್ಪ ಸತ್ಯ, ಬೇಕಾದಷ್ಟು ತಪ್ಪು ಇದೆ. ಅವರ ಬದುಕನ್ನು ಸರಿಯಾಗಿ ತಿಳಿದುಕೊಂಡರೆ ಎರಡನ್ನೂ ಜರಡಿ ಹಿಡಿಯುವುದು ಸುಲಭ. ಯಾಕೆಂದರೆ ತಾವು ಊಹಿಸಿದ್ದು ಯಾವುದು, ಅಳೆದು ನೋಡಿದ್ದು ಯಾವುದು ಎಂದು ಬೇರೆ ಬೇರೆ ಇಟ್ಟು ನೋಡುವುದು ಅವರು ಜೀವನಪೂರ್ತಿ ಮಾಡಿದ ಕೆಲಸ.

ಮನೆ ಹೊಲಿಗೆಯ ಬಟ್ಟೆ, ಶಾಲೆಯ ಅಡ್ಡಹೆಸರು

ಮ್ಯಾಕ್ಸ್‌ವೆಲ್ ಹುಟ್ಟಿದ್ದು 1831ರ ಜೂನ್ 13ರಂದು, ಎಡಿನ್‌ಬರೋ ನಗರದಲ್ಲಿ. ಆ ಮನೆ ಇದ್ದ ಬೀದಿಯ ಹೆಸರು ಇಂಡಿಯಾ ಸ್ಟ್ರೀಟ್! ಆದರೆ ಬೆಳೆದದ್ದು ಗ್ಲೆನ್‌ಲೇರ್ ಎಂಬ ಹಳ್ಳಿಯ ಎಸ್ಟೇಟಿನಲ್ಲಿ. ಮನೆಯ ಕರೆಗಂಟೆಯ ತಂತಿ ಗೋಡೆಯೊಳಗೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹುಡುಕುತ್ತಾ ಓಡಾಡುವ ಮಗು. ತಾಯಿ ಫ್ರಾನ್ಸಿಸ್ ಅವರೇ ಮೊದಲ ಗುರು.

1839ರಲ್ಲಿ, ಜೇಮ್ಸ್‌ಗೆ 8 ವರ್ಷವಾಗಿದ್ದಾಗ, ತಾಯಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 47 ವರ್ಷ. ಪಾಠ ಹೇಳಲು ಗೊತ್ತು ಮಾಡಿದ ಹುಡುಗ ಹೊಡೆದು ಬಡಿದು ಕಲಿಸಲು ನೋಡಿದ. ಅದು ಆಗಿಬರಲಿಲ್ಲ. 10ನೇ ವಯಸ್ಸಿಗೆ ಎಡಿನ್‌ಬರೋ ಅಕಾಡೆಮಿಗೆ ಸೇರಿಸಿದರು. ಅಪ್ಪನೇ ವಿನ್ಯಾಸ ಮಾಡಿದ ವಿಚಿತ್ರ ಬೂಟು, ಹಳ್ಳಿ ಬಟ್ಟೆ, ಹಳ್ಳಿ ಉಚ್ಚಾರಣೆ. ಪೇಟೆ ಹುಡುಗರು ಬಿಡುತ್ತಾರೆಯೇ? ಪೆದ್ದ ಎಂಬ ಅರ್ಥದ ಅಡ್ಡಹೆಸರಿಟ್ಟು ಗೋಳುಹೊಯ್ದುಕೊಂಡರು.

ಫಾರ್ವರ್ಡ್‌ಗಳು ಹೇಳುವ ದಡ್ಡ ಹುಡುಗನ ಕಥೆಯ ಮೂಲ ಇದು. ಅಡ್ಡಹೆಸರು ನಿಜ, ದಡ್ಡತನ ಸುಳ್ಳು. 13ನೇ ವಯಸ್ಸಿಗೆ ಈ ಹುಡುಗ ಶಾಲೆಯ ಗಣಿತ ಪದಕ ಗೆದ್ದ, ಜೊತೆಗೆ ಇಂಗ್ಲಿಷ್ ಮತ್ತು ಕವಿತೆಗೂ ಬಹುಮಾನ ಪಡೆದ. 14ನೇ ವಯಸ್ಸಿಗೆ ಗುಂಡುಪಿನ್ನು ಮತ್ತು ದಾರ ಬಳಸಿ ಮೊಟ್ಟೆಯಾಕಾರದ ವಕ್ರರೇಖೆಗಳನ್ನು ಎಳೆಯುವ ವಿಧಾನದ ಬಗ್ಗೆ ಪ್ರಬಂಧ ಬರೆದ. ಬರೆದವನು ತೀರಾ ಚಿಕ್ಕವನು ಎಂದು ಎಡಿನ್‌ಬರೋದ ರಾಯಲ್ ಸೊಸೈಟಿಯಲ್ಲಿ ಅದನ್ನು ಪ್ರೊಫೆಸರ್ ಜೇಮ್ಸ್ ಫೋರ್ಬ್ಸ್ ಓದಬೇಕಾಯಿತು. ಅದು 1846.

ಜೆಲ್ಲಿಯೊಳಗೆ ಕಾಮನಬಿಲ್ಲು

16ನೇ ವಯಸ್ಸಿಗೆ ಮ್ಯಾಕ್ಸ್‌ವೆಲ್ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದರು. ಆ ಹೊತ್ತಿಗೆ ಅವರಿಗೆ ಒಂದು ಹುಚ್ಚು ಹಿಡಿದಿತ್ತು: ಧ್ರುವೀಕೃತ ಬೆಳಕು. ಸಾಮಾನ್ಯ ಬೆಳಕಿನ ಕಂಪನ ಎಲ್ಲ ದಿಕ್ಕಿನಲ್ಲೂ ಇರುತ್ತದೆ. ಕೆಲವು ಹರಳುಗಳ ಮೂಲಕ ಹಾಯಿಸಿದರೆ ಒಂದೇ ದಿಕ್ಕಿನ ಕಂಪನ ಉಳಿಯುತ್ತದೆ. ಇದೇ ಧ್ರುವೀಕೃತ ಬೆಳಕು. ಇಂಥ ಹರಳಿನ ಪಟ್ಟಕ ಮಾಡುವುದರಲ್ಲಿ ಹೆಸರಾಗಿದ್ದ ವಿಲಿಯಂ ನಿಕಲ್ ಅವರಿಗೆ ಮ್ಯಾಕ್ಸ್‌ವೆಲ್ ತಾವು ಕಂಡ ಬಣ್ಣದ ಚಿತ್ತಾರಗಳನ್ನು ಬರೆದು ಕಳಿಸಿದರು. ಮೆಚ್ಚಿದ ನಿಕಲ್ ಒಂದು ಜೊತೆ ಪಟ್ಟಕವನ್ನೇ ಉಡುಗೊರೆ ಕೊಟ್ಟರು.

ಮ್ಯಾಕ್ಸ್‌ವೆಲ್ ಮೀನಿನಿಂದ ತೆಗೆಯುವ ಒಂದು ಬಗೆಯ ಜೆಲಾಟಿನ್‌ನಿಂದ ಜೆಲ್ಲಿ ಮಾಡಿ, ಅದನ್ನು ತಿರುಚಿ, ಎರಡು ಪಟ್ಟಕಗಳ ನಡುವೆ ಇಟ್ಟು ನೋಡಿದರು. ಜೆಲ್ಲಿಯೊಳಗೆ ಬಣ್ಣದ ಪಟ್ಟೆಗಳು ಮೂಡಿದವು. ಎಲ್ಲಿ ಎಷ್ಟು ಒತ್ತಡ ಬಿದ್ದಿದೆ ಎಂಬುದನ್ನು ಬಣ್ಣವೇ ಹೇಳುತ್ತಿತ್ತು. ಈ ಪ್ರಯೋಗ ಸೇರಿದಂತೆ ಸ್ಥಿತಿಸ್ಥಾಪಕ ವಸ್ತುಗಳ ಬಗ್ಗೆ ಅವರು ಬರೆದ ಪ್ರಬಂಧ 1850ರದ್ದು. ಆಗ ಅವರು ಇನ್ನೂ ಹದಿಹರೆಯದವರು.

ಜೆಲ್ಲಿಯಲ್ಲಿ ನಡೆಯುವುದೇನು? ಜೆಲಾಟಿನ್ ಒಂದು ಪಾಲಿಮರ್. ಅಂದರೆ ಸಣ್ಣ ಸಣ್ಣ ತುಣುಕುಗಳು ಸರಪಳಿಯಂತೆ ಕೂಡಿಕೊಂಡು ಆದ ಉದ್ದನೆಯ ಅಣು. ನಮ್ಮ ಪ್ಲಾಸ್ಟಿಕ್, ರಬ್ಬರ್, ರೇಷ್ಮೆ ಎಲ್ಲವೂ ಇದೇ ಜಾತಿ. ತಟ್ಟೆಗೆ ಹಾಕಿದ ಶಾವಿಗೆ ಹೇಗೆ ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತದೋ ಈ ಸರಪಳಿಗಳೂ ಹಾಗೆ ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ. ಎಲ್ಲ ದಿಕ್ಕಿಗೂ ಒಂದೇ ತರಹ ಅಸ್ತವ್ಯಸ್ತ. ಎಳೆದರೆ ಅಥವಾ ತಿರುಚಿದರೆ ಸರಪಳಿಗಳು ಒಂದು ದಿಕ್ಕಿಗೆ ವಾಲುತ್ತವೆ. ಆಗ ಆ ದಿಕ್ಕಿನ ಬೆಳಕು ಒಂದು ವೇಗದಲ್ಲಿ, ಅದಕ್ಕೆ ಅಡ್ಡಲಾದ ಬೆಳಕು ಇನ್ನೊಂದು ವೇಗದಲ್ಲಿ ಹೋಗುತ್ತದೆ. ಈ ವ್ಯತ್ಯಾಸ ನಮ್ಮ ಕಣ್ಣಿಗೆ ಬಣ್ಣವಾಗಿ ಕಾಣುತ್ತದೆ.

ಇದನ್ನು ನೀವೇ ನೋಡಬಹುದು. ಕಂಪ್ಯೂಟರ್‌ನ ಎಲ್‌ಸಿಡಿ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಅದರ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಅಥವಾ ಡಬ್ಬಿಯ ಮುಚ್ಚಳ ಹಿಡಿದು, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಮೂಲಕ ನೋಡಿ. ಗ್ಲಾಸನ್ನು ನಿಧಾನವಾಗಿ ತಿರುಗಿಸಿ. ಅಂಚುಗಳಲ್ಲಿ ಕಾಮನಬಿಲ್ಲಿನ ಪಟ್ಟೆಗಳು ಕಾಣುತ್ತವೆ. ಅಚ್ಚಿನಲ್ಲಿ ಹೊಯ್ಯುವಾಗ ಎಳೆದಾಡಿಸಿಕೊಂಡ ಸರಪಳಿಗಳು ಹಾಗೇ ಗಟ್ಟಿಯಾದ ಗುರುತು ಅದು.

ಮ್ಯಾಕ್ಸ್‌ವೆಲ್‌ಗೆ ಪಾಲಿಮರ್ ಎಂಬ ಕಲ್ಪನೆ ಗೊತ್ತಿರಲಿಲ್ಲ. ಉದ್ದ ಸರಪಳಿ ಅಣುಗಳಿವೆ ಎಂದು ಹರ್ಮನ್ ಸ್ಟಾಡಿಂಗರ್ ವಾದಿಸಿದ್ದು 1920ರಲ್ಲಿ. ಬೆಳಕು ಅಂದರೆ ವಿದ್ಯುತ್ಕಾಂತೀಯ ಅಲೆ ಎಂಬುದೂ 1850ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಮುಂದೆ ತೋರಿಸಿಕೊಟ್ಟಿದ್ದು ಇದೇ ಹುಡುಗ.

ಕೆಲಸ ಸಿಕ್ಕಿತು, ಕೆಲಸ ಹೋಯಿತು

1850ರಲ್ಲಿ ಮ್ಯಾಕ್ಸ್‌ವೆಲ್ ಕೇಂಬ್ರಿಡ್ಜ್‌ಗೆ ಹೋದರು. 1854ರ ಗಣಿತ ಪರೀಕ್ಷೆಯಲ್ಲಿ ಎರಡನೇ ಸ್ಥಾನ. ಆಮೇಲೆ ಕೈಗೆತ್ತಿಕೊಂಡಿದ್ದು ಮೈಕಲ್ ಫ್ಯಾರಡೆಯವರ ಪುಸ್ತಕ.

ಫ್ಯಾರಡೆ ಬಡ ಕಮ್ಮಾರನ ಮಗ, ಹೆಚ್ಚು ಗಣಿತ ಕಲಿತವರಲ್ಲ. ಆದರೆ ಪ್ರಯೋಗದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಉದುರಿಸಿದರೆ ಗೆರೆ ಗೆರೆಯಾಗಿ ನಿಲ್ಲುತ್ತದಲ್ಲ? ಆ ಗೆರೆಗಳ ಜಾಗದಲ್ಲಿ, ಅಂದರೆ ಖಾಲಿ ಎಂದುಕೊಂಡ ಜಾಗದಲ್ಲೇ ಏನೋ ನಡೆಯುತ್ತಿದೆ ಎಂದು ಫ್ಯಾರಡೆ ನಂಬಿದ್ದರು. ದೊಡ್ಡ ಗಣಿತಜ್ಞರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಮಗಿಂತ 40 ವರ್ಷ ದೊಡ್ಡವರ ಆ ಚಿತ್ರವನ್ನು ಮ್ಯಾಕ್ಸ್‌ವೆಲ್ ಗಣಿತದ ಭಾಷೆಗೆ ತರಲು ಶುರುಮಾಡಿದರು.

1856ರಲ್ಲಿ, 25ನೇ ವಯಸ್ಸಿಗೆ, ಅಬರ್ಡೀನ್‌ನ ಮರಿಶಲ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಅದೇ ವರ್ಷ ತಂದೆ ತೀರಿಕೊಂಡರು. ಅಬರ್ಡೀನ್‌ನಲ್ಲಿ ಶನಿಗ್ರಹದ ಬಳೆಗಳ ಲೆಕ್ಕ ಹಾಕಿ, ಅವು ಒಂದೇ ಗಟ್ಟಿ ತಟ್ಟೆಯೂ ಅಲ್ಲ, ದ್ರವವೂ ಅಲ್ಲ, ಬೇರೆ ಬೇರೆಯಾಗಿ ಸುತ್ತುವ ಲೆಕ್ಕವಿಲ್ಲದಷ್ಟು ಸಣ್ಣ ತುಣುಕುಗಳು ಎಂದು ತೋರಿಸಿದರು. 1895ರಲ್ಲಿ ಜೇಮ್ಸ್ ಕೀಲರ್ ದೂರದರ್ಶಕದಿಂದ ಇದನ್ನು ದೃಢಪಡಿಸಿದರು.

1858ರಲ್ಲಿ ಕಾಲೇಜಿನ ಪ್ರಾಂಶುಪಾಲರ ಮಗಳು ಕ್ಯಾಥರೀನ್ ಡೂವರ್ ಅವರನ್ನು ಮದುವೆಯಾದರು. ಎರಡು ವರ್ಷಕ್ಕೆ ಅಬರ್ಡೀನ್‌ನ ಎರಡು ಕಾಲೇಜುಗಳು ಒಂದಾದವು. ಒಂದೇ ವಿಷಯಕ್ಕೆ ಇಬ್ಬರು ಪ್ರೊಫೆಸರ್ ಬೇಡವಾದರು. ಕೆಲಸ ಕಳೆದುಕೊಂಡವರು ಮ್ಯಾಕ್ಸ್‌ವೆಲ್. ಅದೇ 1860ರಲ್ಲಿ ಸಿಡುಬು ಬಂದು ಸಾಯುವ ಹಾಗಾಯಿತು. ಹಗಲು ರಾತ್ರಿ ಆರೈಕೆ ಮಾಡಿ ಉಳಿಸಿಕೊಂಡವರು ಕ್ಯಾಥರೀನ್. ಆ ವರ್ಷವೇ ಲಂಡನ್‌ನ ಕಿಂಗ್ಸ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು.

ಅದೃಷ್ಟದ ಬಣ್ಣದ ಫೋಟೊ

ನಿಮ್ಮ ಮೊಬೈಲ್ ಪರದೆಯನ್ನು ಭೂತಗನ್ನಡಿಯಿಂದ ನೋಡಿ. ಕೆಂಪು, ಹಸಿರು, ನೀಲಿ ಚುಕ್ಕೆಗಳು ಮಾತ್ರ ಕಾಣುತ್ತವೆ. ಈ ಮೂರರಿಂದ ಉಳಿದ ಬಣ್ಣ ಮೂಡಿಸಬಹುದು ಎಂಬ ವಿಚಾರದ ಹಿಂದೆ ಥಾಮಸ್ ಯಂಗ್, ಹೆಲ್ಮ್‌ಹೋಲ್ಟ್ಸ್ ಮೊದಲಾದವರಿದ್ದರು. ಬಣ್ಣದ ಕಾಗದ ಅಂಟಿಸಿದ ತಿರುಗುವ ಬಿಲ್ಲೆಗಳಿಂದ ಅದನ್ನು ಅಳತೆಗೆ ತಂದವರು ಮ್ಯಾಕ್ಸ್‌ವೆಲ್.

1861ರ ಮೇ ತಿಂಗಳಲ್ಲಿ ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರು ಒಂದು ಪ್ರದರ್ಶನ ಕೊಟ್ಟರು. ಚೌಕುಳಿ ರಿಬ್ಬನ್ ಒಂದನ್ನು ಛಾಯಾಗ್ರಾಹಕ ಥಾಮಸ್ ಸಟನ್ ಕೆಂಪು, ಹಸಿರು, ನೀಲಿ ಸೋಸುಕಗಳ ಮೂಲಕ ಬೇರೆ ಬೇರೆಯಾಗಿ ಫೋಟೊ ತೆಗೆದಿದ್ದರು. ಅದೇ ಬಣ್ಣದ ಬೆಳಕಿನಲ್ಲಿ ಮೂರನ್ನೂ ಒಂದರ ಮೇಲೊಂದು ಬಿಟ್ಟಾಗ ರಿಬ್ಬನ್ ಬಣ್ಣದಲ್ಲಿ ಕಂಡಿತು.

ಇದರಲ್ಲಿ ಒಂದು ತಮಾಷೆ ಇದೆ. ಆ ಕಾಲದ ಫೋಟೊ ಫಲಕಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ! ಹಾಗಾದರೆ ಕೆಂಪು ಬಂದಿದ್ದು ಹೇಗೆ? ಕೆಂಪು ಬಟ್ಟೆ ನೇರಳಾತೀತ ಕಿರಣವನ್ನೂ ಪ್ರತಿಫಲಿಸುತ್ತಿತ್ತು, ಕೆಂಪು ಸೋಸುಕ ಅದನ್ನು ಒಳಗೆ ಬಿಡುತ್ತಿತ್ತು, ಫಲಕ ಅದನ್ನು ಹಿಡಿಯಿತು. ಇದು ಪತ್ತೆಯಾಗಿದ್ದು 100 ವರ್ಷ ಕಳೆದ ಮೇಲೆ, 1961ರಲ್ಲಿ. ಸಿದ್ಧಾಂತ ಸರಿ, ಆದರೆ ಪ್ರಯೋಗ ಗೆದ್ದಿದ್ದು ಬೇರೆ ಕಾರಣಕ್ಕೆ. ಕಣ್ಣಾರೆ ಕಂಡದ್ದಕ್ಕೂ ಕಾರಣ ಬೇರೆ ಇರಬಹುದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಒಂದೇ ಅಂಕಿ, ಎರಡು ಕಡೆ

ಅದೇ ವರ್ಷ ಮ್ಯಾಕ್ಸ್‌ವೆಲ್ ಫ್ಯಾರಡೆಯವರ ಗೆರೆಗಳಿಗೆ ಒಂದು ಯಂತ್ರದ ಮಾದರಿ ಕಟ್ಟಿದರು. ಜಾಗದ ತುಂಬ ತಿರುಗುವ ಪುಟ್ಟ ಸುಳಿಗಳಿವೆ, ಅವುಗಳ ಮಧ್ಯೆ ಉರುಳುವ ಸಣ್ಣ ಗುಂಡುಗಳಿವೆ ಎಂದು ಊಹಿಸಿದರು. ಸುಳಿಗಳು ಜೆಲ್ಲಿಯಂತೆ ಹಿಗ್ಗಿ ಕುಗ್ಗುವಂಥವು ಎಂದಿಟ್ಟುಕೊಂಡರು. ಹುಡುಗನಾಗಿದ್ದಾಗ ಸ್ಥಿತಿಸ್ಥಾಪಕ ವಸ್ತುಗಳ ಮೇಲೆ ಮಾಡಿದ ಲೆಕ್ಕ ಈಗ ಕೈಗೆ ಬಂತು. ಜೆಲ್ಲಿಯನ್ನು ಅಲುಗಿಸಿದರೆ ಅಲೆ ಹೋಗುವಂತೆ ಇಲ್ಲಿಯೂ ಅಲೆ ಹೋಗಬೇಕು. ಎಷ್ಟು ವೇಗದಲ್ಲಿ?

ಈ ಲೆಕ್ಕ ಮಾಡಿದ್ದು ಬೇಸಿಗೆ ರಜೆಯಲ್ಲಿ, ಗ್ಲೆನ್‌ಲೇರ್‌ನಲ್ಲಿ. ಲೆಕ್ಕ ಮುಗಿಸಲು ಜರ್ಮನಿಯ ವೇಬರ್ ಮತ್ತು ಕೋಲ್‌ರಾಶ್ 1856ರಲ್ಲಿ ಅಳೆದಿದ್ದ ಒಂದು ಅಂಕಿ ಬೇಕಿತ್ತು. ಅದು ಹಳ್ಳಿಮನೆಯಲ್ಲಿ ಇರಲಿಲ್ಲ. ರಜೆ ಮುಗಿಸಿ ಲಂಡನ್‌ಗೆ ಬಂದು ಹುಡುಕಿ ಹಾಕಿ ನೋಡಿದರೆ ಉತ್ತರ ಸೆಕೆಂಡಿಗೆ 3,10,740 ಕಿಲೋಮೀಟರ್. ಫ್ರಾನ್ಸಿನ ಫೀಸೋ ಅಳೆದಿದ್ದ ಬೆಳಕಿನ ವೇಗ ಸುಮಾರು 3,14,800 ಕಿಲೋಮೀಟರ್.

ವೇಬರ್ ಮತ್ತು ಕೋಲ್‌ರಾಶ್ ಬೆಳಕನ್ನು ಅಳೆಯಲು ಹೋಗಿರಲಿಲ್ಲ. ಅವರು ಅಳೆದಿದ್ದು ಜಾಡಿಯಲ್ಲಿ ತುಂಬಿಟ್ಟ ವಿದ್ಯುತ್ತನ್ನು. ಆದರೂ ಎರಡು ಅಂಕಿಗಳು ಹೆಚ್ಚುಕಡಿಮೆ ಒಂದೇ. ಹಾಗಾದರೆ ಬೆಳಕು ಕೂಡ ವಿದ್ಯುತ್ ಮತ್ತು ಕಾಂತದ ಅಲೆಯೇ ಆಗಿರಬೇಕು ಎಂಬ ತೀರ್ಮಾನಕ್ಕೆ ಮ್ಯಾಕ್ಸ್‌ವೆಲ್ ಬಂದರು.

ಇಷ್ಟು ಚೆಂದದ ಉತ್ತರ ಕೊಟ್ಟ ಸುಳಿ ಮತ್ತು ಗುಂಡುಗಳ ಮಾದರಿಗೆ ಅವರು ಅಂಟಿಕೊಂಡು ಕೂರಲಿಲ್ಲ. 1864ರ ಡಿಸೆಂಬರ್‌ನಲ್ಲಿ ಓದಿದ ಪ್ರಬಂಧದಲ್ಲಿ ಮನೆ ಕಟ್ಟಿದ ಮೇಲೆ ಸಾರುವೆ ಬಿಚ್ಚುವಂತೆ ಆ ಮಾದರಿಯನ್ನು ತೆಗೆದುಹಾಕಿ, ಸಮೀಕರಣಗಳನ್ನು ಮಾತ್ರ ಉಳಿಸಿಕೊಂಡರು. ಅವು ನಾಲ್ಕಲ್ಲ, 20. ಇಂದು ಪಠ್ಯಪುಸ್ತಕ ಮತ್ತು ಟೀ-ಶರ್ಟ್ ಮೇಲೆ ಕಾಣುವ ನಾಲ್ಕರ ರೂಪ ಕೊಟ್ಟವರು ಆಲಿವರ್ ಹೆವಿಸೈಡ್, 1880ರ ದಶಕದಲ್ಲಿ. ಅವರು ಕಾಲೇಜು ಮೆಟ್ಟಿಲು ಹತ್ತದೆ, ತಾನೇ ಓದಿ ಕಲಿತ ಮಾಜಿ ಟೆಲಿಗ್ರಾಫ್ ನೌಕರ.

ಅಟ್ಟದ ಮೇಲಿನ ಪ್ರಯೋಗ, ಹೋಳಿಗೆಯ ಕಣಕ

ಇತ್ತ ಅನಿಲಗಳ ಬಗ್ಗೆಯೂ ಮ್ಯಾಕ್ಸ್‌ವೆಲ್ ಕೆಲಸ ಮಾಡುತ್ತಿದ್ದರು. ಗಾಳಿಯನ್ನು ಎಷ್ಟೇ ತೆಳುವಾಗಿಸಿದರೂ ಅದರ ಸ್ನಿಗ್ಧತೆ, ಅಂದರೆ ಹರಿವಿಗೆ ಅದು ಒಡ್ಡುವ ತಡೆ, ಬದಲಾಗಬಾರದು ಎಂದು ಅವರ 1860ರ ಸಿದ್ಧಾಂತ ಹೇಳಿತು. ನಂಬಲು ಕಷ್ಟವಾದ ಮಾತು. ಹಾಗಾಗಿ ಲಂಡನ್ ಮನೆಯ ಅಟ್ಟದ ಮೇಲೆ ಗಾಜಿನ ತಟ್ಟೆಗಳನ್ನು ತೂಗುಹಾಕಿ, ತಿರುಗಿಸಿ, ಅವು ನಿಲ್ಲಲು ಎಷ್ಟು ಹೊತ್ತು ಬೇಕು ಎಂದು ನೋಡಿದರು. ಕ್ಯಾಥರೀನ್ ಬೆಂಕಿ ಕಾಯಿಸಿ, ಆವಿ ಹಿಡಿದು, ಉಷ್ಣತೆ ಏರುಪೇರಾಗದಂತೆ ನೋಡಿಕೊಂಡರು.

ಸಿದ್ಧಾಂತ ಹೇಳಿದ್ದು ನಿಜವಾಯಿತು. ಆದರೆ ಅದೇ ಪ್ರಯೋಗ ಅದೇ ಸಿದ್ಧಾಂತದ ಇನ್ನೊಂದು ಮಾತನ್ನು ಸುಳ್ಳು ಮಾಡಿತು. ಬಿಸಿ ಹೆಚ್ಚಿದಂತೆ ಸ್ನಿಗ್ಧತೆ ಅವರು ಲೆಕ್ಕ ಹಾಕಿದ್ದಕ್ಕಿಂತ ವೇಗವಾಗಿ ಏರುತ್ತಿತ್ತು. ಮ್ಯಾಕ್ಸ್‌ವೆಲ್ ಎರಡನ್ನೂ ಪ್ರಕಟಿಸಿದರು. ಅಣುಗಳೆಂದರೆ ಪುಟ್ಟ ಗೋಲಿಗಳು ಎಂಬ ತಮ್ಮದೇ ಊಹೆಯನ್ನು ಕೈಬಿಟ್ಟು ಲೆಕ್ಕವನ್ನು ಮೊದಲಿನಿಂದ ಮಾಡಿದರು.

ಆ ಹೊಸ ಲೆಕ್ಕ ಪ್ರಕಟವಾಗಿದ್ದು 1867ರಲ್ಲಿ. ಅದರಲ್ಲಿ ಒಂದು ಹೊಸ ವಿಚಾರವಿತ್ತು. ಯಾವುದೇ ವಸ್ತುವನ್ನು ಥಟ್ಟನೆ ಎಳೆದರೆ ಮೊದಲು ಸ್ಪ್ರಿಂಗ್‌ನಂತೆ ಬಿಗಿಯುತ್ತದೆ. ಹಾಗೇ ಹಿಡಿದಿಟ್ಟರೆ ಆ ಬಿಗಿ ನಿಧಾನವಾಗಿ ಸಡಿಲವಾಗುತ್ತದೆ. ಸಡಿಲಗೊಳ್ಳಲು ತೆಗೆದುಕೊಳ್ಳುವ ಹೊತ್ತು ವಸ್ತುವಿನಿಂದ ವಸ್ತುವಿಗೆ ಬೇರೆ. ಅದು ತೀರಾ ಚಿಕ್ಕದಿದ್ದರೆ ನಾವು ದ್ರವ ಎನ್ನುತ್ತೇವೆ, ತೀರಾ ದೊಡ್ಡದಿದ್ದರೆ ಘನ ಎನ್ನುತ್ತೇವೆ.

ಇದು ನಮ್ಮ ಅಡುಗೆಮನೆಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹೋಳಿಗೆಗೆ ಕಣಕ ನಾದಿದ ತಕ್ಷಣ ಹಿಗ್ಗಿಸಲು ಹೋದರೆ ಜಗ್ಗಿ ಹಿಂದಕ್ಕೆ ಬರುತ್ತದೆ. ಎಣ್ಣೆ ಹಾಕಿ ಒಂದೆರಡು ಗಂಟೆ ನೆನೆಯಲು ಬಿಟ್ಟರೆ ಹೇಳಿದ ಮಾತು ಕೇಳುತ್ತದೆ. ಕಣಕದೊಳಗಿನ ಗ್ಲುಟನ್ ಕೂಡ ಉದ್ದ ಸರಪಳಿಗಳ ಬಲೆ. ನಾದುವಾಗ ಬಿಗಿದ ಸರಪಳಿಗಳು ಮೆಲ್ಲಗೆ ಜಾರಿ ಸಡಿಲಗೊಳ್ಳಲು ಸಮಯ ಬೇಕು. ಆ ಕಾಯುವಿಕೆಯ ಹಿಂದಿರುವುದು ಇದೇ ಸಡಿಲಿಕೆ.

ಒಂದು ಸ್ಪ್ರಿಂಗ್, ಅದರ ಜೊತೆಗೆ ಎಣ್ಣೆ ತುಂಬಿದ ಒಂದು ಶಾಕ್ ಅಬ್ಸಾರ್ಬರ್. ಪಾಲಿಮರ್ ಓದುವವರು ಮೊದಲ ಪಾಠದಲ್ಲೇ ಕಲಿಯುವ ಈ ಜೋಡಿಗೆ ಹೆಸರು ಮ್ಯಾಕ್ಸ್‌ವೆಲ್ ಮಾದರಿ. ನಿಜವಾದ ಪ್ಲಾಸ್ಟಿಕ್ ಇಷ್ಟು ಸರಳವಲ್ಲ. ಸರಪಳಿಗಳು ಸಿಕ್ಕುಸಿಕ್ಕಾಗಿರುವುದರಿಂದ ಒಂದೊಂದು ಭಾಗ ಒಂದೊಂದು ಹೊತ್ತಿಗೆ ಸಡಿಲಗೊಳ್ಳುತ್ತದೆ. ಕೈಯಲ್ಲಿ ಮಾಡಲಾಗದ ಆ ಲೆಕ್ಕವನ್ನು ಸಂಶೋಧಕರು ಇಂದು ಕಂಪ್ಯೂಟರ್‌ನಲ್ಲಿ ಸಾವಿರಾರು ಸರಪಳಿಗಳನ್ನು ಅಲುಗಾಡಲು ಬಿಟ್ಟು ಮಾಡುತ್ತಾರೆ.

ಅದೇ ಪ್ಲಾಸ್ಟಿಕ್‌ಗೆ ವಿದ್ಯುತ್ಕಾಂತೀಯ ಅಲೆ ಬಡಿದರೂ ಇಂಥದ್ದೇ ಕಥೆ. ಲೋಹದಲ್ಲಿ ಎಲೆಕ್ಟ್ರಾನ್‌ಗಳು ಸ್ವತಂತ್ರವಾಗಿ ಓಡಾಡುತ್ತವೆ, ಹಾಗಾಗಿ ಅದು ಸಿಗ್ನಲ್ ತಡೆಯುತ್ತದೆ. ಪ್ಲಾಸ್ಟಿಕ್‌ನಲ್ಲಿ ಅವು ಸರಪಳಿಗೆ ಕಟ್ಟಿಬಿದ್ದಿರುತ್ತವೆ, ಹಾಗಾಗಿ ಅಲೆ ದಾಟಿಹೋಗುತ್ತದೆ. ಕೆಲವು ಪಾಲಿಮರ್‌ಗಳ ತುಣುಕುಗಳು ಅಲೆಯ ತಾಳಕ್ಕೆ ತಿರುಗಲು ನೋಡಿ, ಸ್ವಲ್ಪ ತಡವಾಗಿ ತಿರುಗಿ, ಅಲೆಯ ಶಕ್ತಿಯನ್ನು ಬಿಸಿಯಾಗಿ ಹೀರುತ್ತವೆ. ಫೋನಿನ ಕವಚಕ್ಕೆ ಯಾವ ಪ್ಲಾಸ್ಟಿಕ್ ಸರಿ ಎಂದು ಆರಿಸುವಾಗ ಎಂಜಿನಿಯರ್‌ಗಳು ಇದನ್ನೂ ಲೆಕ್ಕ ಹಾಕುತ್ತಾರೆ.

ಮತ್ತೆ ಅಳೆದು ನೋಡಿದರು

ಎರಡು ಅಂಕಿ ಹೊಂದಿದವು ಎಂದು ಮ್ಯಾಕ್ಸ್‌ವೆಲ್ ಸುಮ್ಮನಾಗಲಿಲ್ಲ. ಆ ಅಂಕಿ ಬೇರೆಯವರ ಅಳತೆ. 1868ರಲ್ಲಿ ಚಾರ್ಲ್ಸ್ ಹಾಕಿನ್ ಅವರೊಂದಿಗೆ ಸೇರಿ, 2,600 ಕೋಶಗಳ ಬ್ಯಾಟರಿಯನ್ನು ಎರವಲು ತಂದು, ವಿದ್ಯುತ್ತಿನ ಎಳೆತವನ್ನೂ ಕಾಂತದ ತಳ್ಳುವಿಕೆಯನ್ನೂ ನೇರವಾಗಿ ತೂಗಿ ನೋಡಿದರು. ಬಂದ ಉತ್ತರ ಸೆಕೆಂಡಿಗೆ ಸುಮಾರು 2,88,000 ಕಿಲೋಮೀಟರ್. ಫೂಕೋ 1862ರಲ್ಲಿ ಅಳೆದ ಬೆಳಕಿನ ವೇಗ 2,98,000. ಹೊಂದಾಣಿಕೆ ಹತ್ತಿರದ್ದು, ಆದರೆ ಪಕ್ಕಾ ಅಲ್ಲ. ಸಿಕ್ಕ ಅಂಕಿಯನ್ನು ಸಿಕ್ಕ ಹಾಗೇ ಬರೆದರು. ಇಂದಿನ ಬೆಲೆ 2,99,792 ಕಿಲೋಮೀಟರ್‌ಗಿಂತ ಅರ್ಧ ಕಿಲೋಮೀಟರ್‌ನಷ್ಟು ಹೆಚ್ಚು, ಅಷ್ಟೇ.

1865ರಲ್ಲೇ ಕಿಂಗ್ಸ್ ಕಾಲೇಜು ಬಿಟ್ಟಿದ್ದ ಅವರು ಗ್ಲೆನ್‌ಲೇರ್‌ನಲ್ಲಿ ಕೂತು ವಿದ್ಯುತ್ ಮತ್ತು ಕಾಂತದ ಮೇಲೆ ಬರೆದ ದೊಡ್ಡ ಗ್ರಂಥ 1873ರಲ್ಲಿ ಹೊರಬಂತು. ಅದಕ್ಕೆ ಮೊದಲು, 1871ರಲ್ಲಿ, ಕೇಂಬ್ರಿಡ್ಜ್ ಅವರನ್ನು ಹೊಸ ಕ್ಯಾವೆಂಡಿಶ್ ಪ್ರಯೋಗಾಲಯ ಕಟ್ಟಲು ಕರೆಸಿಕೊಂಡಿತ್ತು. ಎಲೆಕ್ಟ್ರಾನ್ ಮತ್ತು ಡಿಎನ್‌ಎ ರಚನೆ ಮುಂದೆ ಪತ್ತೆಯಾಗಿದ್ದು ಇದೇ ಪ್ರಯೋಗಾಲಯದಲ್ಲಿ.

1879ರಲ್ಲಿ ಮ್ಯಾಕ್ಸ್‌ವೆಲ್‌ಗೆ ಹೊಟ್ಟೆಯ ಕ್ಯಾನ್ಸರ್ ಇರುವುದು ತಿಳಿಯಿತು. ತಾಯಿಗೆ ಬಂದ ರೋಗ, ಸರಿಸುಮಾರು ತಾಯಿಯ ವಯಸ್ಸು. ಹೆಚ್ಚೆಂದರೆ ಒಂದು ತಿಂಗಳು ಎಂದು ಅಕ್ಟೋಬರ್‌ನಲ್ಲಿ ವೈದ್ಯರು ಹೇಳಿದರು. ಅವರಿಗಿದ್ದ ಚಿಂತೆ ಕಾಯಿಲೆಯಲ್ಲಿದ್ದ ಕ್ಯಾಥರೀನ್ ಅವರನ್ನು ಇನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು. ನವೆಂಬರ್ 5ರಂದು ತೀರಿಕೊಂಡರು. ಗ್ಲೆನ್‌ಲೇರ್ ಹತ್ತಿರದ ಪಾರ್ಟನ್ ಹಳ್ಳಿಯಲ್ಲಿ ತಂದೆ ತಾಯಿಯ ಪಕ್ಕದಲ್ಲೇ ಸಮಾಧಿ. ಆ ಹೊತ್ತಿಗೆ ಅವರು ಹೇಳಿದ ಅಲೆಗಳನ್ನು ಪ್ರಯೋಗದಲ್ಲಿ ಯಾರೂ ಹುಟ್ಟಿಸಿ ತೋರಿಸಿರಲಿಲ್ಲ.

ಉಳಿದದ್ದು ಏನು, ಬಿದ್ದದ್ದು ಏನು

ಆ ಕೆಲಸ ಮಾಡಿದವರು ಜರ್ಮನಿಯ ಹೈನ್‌ರಿಶ್ ಹರ್ಟ್ಸ್, 1887-88ರಲ್ಲಿ. 1890ರ ದಶಕದ ಮಧ್ಯದಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ ಮಿಲಿಮೀಟರ್ ಅಳತೆಯ ಅಲೆಗಳನ್ನು ಹುಟ್ಟಿಸಿ, ಗೋಡೆ ದಾಟಿಸಿ, ದೂರದ ಗಂಟೆ ಬಾರಿಸಿದರು. ಮಾರ್ಕೋನಿ ಮುಂತಾದವರು ಅದನ್ನು ಸುದ್ದಿ ಸಾಗಿಸುವ ಉಪಕರಣ ಮಾಡಿದರು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರ ತೆರೆದಾಗ ಗಾಳಿಯಲ್ಲಿ ಹೋದದ್ದು ಮ್ಯಾಕ್ಸ್‌ವೆಲ್ ಲೆಕ್ಕ ಹಾಕಿದ ಅಲೆಗಳೇ.

ಹಾಗೆಂದು ಮ್ಯಾಕ್ಸ್‌ವೆಲ್ ನಂಬಿದ್ದೆಲ್ಲ ಉಳಿಯಲಿಲ್ಲ. ಅಲೆ ಹೋಗಲು ಈಥರ್ ಎಂಬ ಕಾಣದ ಮಾಧ್ಯಮ ಬೇಕೇ ಬೇಕು ಎಂದು ಕೊನೆಯವರೆಗೂ ಅವರು ನಂಬಿದ್ದರು. 1887ರ ಮೈಕಲ್‌ಸನ್–ಮಾರ್ಲಿ ಪ್ರಯೋಗದಲ್ಲಿ ಅದರ ಸುಳಿವು ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಅದು ಬೇಕಾಗಿಯೇ ಇಲ್ಲ ಎಂದರು. ಊಹೆ ಬಿತ್ತು. ಅಳತೆಗೆ ನಿಂತ ಸಮೀಕರಣಗಳು ಉಳಿದವು.

1966ರಲ್ಲಿ ಕೇನ್ ಯೀ ಎಂಬ ಗಣಿತಜ್ಞ ಆ ಸಮೀಕರಣಗಳನ್ನು ಕಂಪ್ಯೂಟರ್‌ಗೆ ಒಗ್ಗಿಸಿದರು. ಜಾಗವನ್ನು ಚೌಕಾಬಾರದ ಮನೆಗಳಂತೆ ಸಣ್ಣ ಸಣ್ಣ ಭಾಗ ಮಾಡಿ, ಕ್ಷಣ ಕ್ಷಣಕ್ಕೂ ಅಲೆ ಒಂದು ಮನೆಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂದು ಲೆಕ್ಕ ಹಾಕುವ ವಿಧಾನ ಅದು. ಫೋನ್ ಆಂಟೆನಾದಿಂದ ತಲೆಯೊಳಗೆ ಎಷ್ಟು ಶಕ್ತಿ ಇಳಿಯುತ್ತದೆ ಎಂದು ಅಂದಾಜು ಮಾಡಲು ಇಂದಿಗೂ ಇದನ್ನು ಬಳಸುತ್ತಾರೆ.

ಈಗ ಫಾರ್ವರ್ಡ್‌ಗಳನ್ನು ಜರಡಿ ಹಿಡಿಯೋಣ

ರೇಡಿಯೇಷನ್ ಅಂದರೆ ವಿಷ: ತಪ್ಪು. ರೇಡಿಯೊ, ಮೊಬೈಲ್ ಸಿಗ್ನಲ್, ದೀಪದ ಬೆಳಕು, ಎಕ್ಸ್-ರೇ ಎಲ್ಲವೂ ಒಂದೇ ಜಾತಿಯ ಅಲೆ. ವ್ಯತ್ಯಾಸ ಕಂಪನದ ವೇಗದ್ದು. ನೇರಳಾತೀತದ ಮೇಲಿನ ತುದಿ, ಎಕ್ಸ್-ರೇ, ಗಾಮಾ ಕಿರಣಗಳು ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಡಿಎನ್‌ಎಗೆ ಹಾನಿ ಮಾಡಬಲ್ಲವು. ಮೊಬೈಲ್ ಅಲೆಯ ಒಂದೊಂದು ಕಣದ ಶಕ್ತಿ ಕಣ್ಣಿಗೆ ಕಾಣುವ ಬೆಳಕಿನ ಕಣಕ್ಕಿಂತ ಸಾವಿರಾರು ಪಟ್ಟು ಕಡಿಮೆ. ನಮ್ಮಲ್ಲಿ ಬಳಕೆಯಲ್ಲಿರುವ 3.5 ಗಿಗಾಹರ್ಟ್ಸ್ 5ಜಿಯಲ್ಲಿ ಲಕ್ಷ ಪಟ್ಟಿಗಿಂತಲೂ ಕಡಿಮೆ.

5ಜಿ ಅಲೆ ಹಿಂದೆಂದೂ ಇರಲಿಲ್ಲ: ತಪ್ಪು. ಬೋಸ್ 1890ರ ದಶಕದಲ್ಲೇ ಇದಕ್ಕಿಂತ ವೇಗವಾಗಿ ಕಂಪಿಸುವ ಅಲೆಗಳನ್ನು ಹುಟ್ಟಿಸಿದ್ದರು.

ಮೊಬೈಲ್ ಅಲೆಗೆ ಮೈಮೇಲೆ ಪರಿಣಾಮವೇ ಇಲ್ಲ: ಇದೂ ಪೂರ್ತಿ ಸರಿಯಲ್ಲ. ಹೆಚ್ಚಿನ ಪ್ರಮಾಣದಲ್ಲಿ ಅದು ಬಿಸಿ ಮಾಡುತ್ತದೆ. ಮಿತಿ ಇಟ್ಟಿರುವುದು ಅದಕ್ಕೇ. ಭಾರತದಲ್ಲಿ 2012ರಿಂದ ಫೋನ್‌ಗಳಿಗೆ ಕಿಲೋಗ್ರಾಂಗೆ 1.6 ವ್ಯಾಟ್ ಮಿತಿ ಇದೆ. ಅನೇಕ ಫೋನ್‌ಗಳಲ್ಲಿ *#07# ಒತ್ತಿದರೆ ನಿಮ್ಮ ಫೋನಿನ ಅಂಕಿ ಕಾಣುತ್ತದೆ.

ಮೊಬೈಲ್‌ನಿಂದ ಕ್ಯಾನ್ಸರ್ ಸಾಬೀತಾಗಿದೆ: ಇಲ್ಲ. 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಅಲೆಗಳನ್ನು ಸಾಧ್ಯತೆ ಇರಬಹುದಾದ, ಆದರೆ ಸಾಕಷ್ಟು ಸಾಕ್ಷ್ಯವಿಲ್ಲದ ಗುಂಪಿಗೆ ಸೇರಿಸಿತ್ತು. ಫಾರ್ವರ್ಡ್‌ಗಳು ಅರ್ಧ ವಾಕ್ಯ ಮಾತ್ರ ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ಅಧ್ಯಯನಗಳ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ತಂಬಾಕಿಗೂ ಬಾಯಿ ಕ್ಯಾನ್ಸರ್‌ಗೂ ಇರುವ ನಂಟು ಮಾತ್ರ ಅನುಮಾನವಿಲ್ಲದೆ ಸಾಬೀತಾಗಿದೆ. ಟವರ್‌ಗೆ ಹೆದರಿ ಗುಟ್ಕಾ ಬಿಡದವರು ಹೆದರಬೇಕಾದ ಕಡೆ ಹೆದರುತ್ತಿಲ್ಲ. ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡುವವರಿಗೂ ಇದೇ ಮಾತು.

ಮ್ಯಾಕ್ಸ್‌ವೆಲ್ ರೇಡಿಯೊ ಕಂಡುಹಿಡಿದರು: ತಪ್ಪು. ಅಂಥ ಅಲೆ ಇರಲೇಬೇಕು ಎಂದು ಲೆಕ್ಕದಿಂದ ಹೇಳಿದರು. ತೋರಿಸಿದವರು, ಬಳಕೆಗೆ ತಂದವರು ಬೇರೆಯವರು.

ಮುಂದಿನ ಸಲ ಇಂಥ ಮೆಸೇಜ್ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಎರಡು ಪ್ರಶ್ನೆ ಕೇಳಿ. ಇದರಲ್ಲಿ ಅಳತೆ ಎಲ್ಲಿದೆ? ಅಳೆದವರು ಯಾರು? ಉತ್ತರ ಸಿಗದಿದ್ದರೆ ಆ ಮೆಸೇಜ್ ನಿಮ್ಮ ಫೋನಿನಲ್ಲೇ ಉಳಿಯಲಿ.